ಕೆಂಪಿ ಯಾರ ಕೈಗೆ ಭಾರ

ಕಾರು ಗ್ಯಾರೇಜಿನ ಬಾಗಿಲಿಗೆ ಬರುವ ಮೊದಲೇ ಅದರ ಸದ್ದು ಬಂದು ಕಿವಿ ಮೇಸ್ತ್ರಿಯನ್ನು ಮುಟ್ಟುತ್ತಿತ್ತು. ಬೇರೆಯವರಿಗೆ ಅದು ಬರೀ ಗುರ್ ಗುರ್. ಮೇಸ್ತ್ರಿಗೆ ಹಾಗಲ್ಲ. ಉದ್ದನೆಯ ಕಬ್ಬಿಣದ ಸರಳೊಂದನ್ನು ಎಂಜಿನ್ನಿಗೆ ಆನಿಸಿ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿಕೊಂಡು, ಯಾವ ಮೂಲೆಯಲ್ಲಿ ಏನು ಸವೆದಿದೆ ಎಂದು ಹೇಳಿಬಿಡುತ್ತಿದ್ದ. 'ಕಿವಿ ಮೇಸ್ತ್ರಿ' ಎಂಬ ಹೆಸರು ಬಿದ್ದದ್ದೂ ಅದಕ್ಕೇ. ಮನೆಯಲ್ಲಿ ಕರೆದರೆ ಮಾತ್ರ ಕೇಳಿಸದ ಕಿವಿ ಅದು ಎಂದು ಅವನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. ಗ್ಯಾರೇಜಿನ ಮುಂಭಾಗದ ಸಣ್ಣ ಕೋಣೆಯಲ್ಲಿ ಬಿಡಿಭಾಗಗಳ ಕಪಾಟು ನೋಡಿಕೊಳ್ಳುತ್ತಿದ್ದವಳು ಅವಳೇ ಆದ್ದರಿಂದ, ಈ ಮಾತು ಕೇಳದೆ ಒಳಗೆ ಬಂದ ಗಿರಾಕಿ ಇರಲಿಲ್ಲ.

ಆ ಬೆಳಿಗ್ಗೆ ಬಂದದ್ದು ಕೆಂಪಿ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ದೀಪ ಹಾಕಿದರೆ ಬಾನೆಟ್ಟಿನ ಮೇಲೆ ಎರಡು ರೆಪ್ಪೆ ಮೇಲಕ್ಕೆದ್ದು, ಆಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ ಕಣ್ಣು ಬಿಡುತ್ತಿತ್ತು. ಒಂದು ಕಾಲದಲ್ಲಿ ಓಟಕ್ಕೆ ಹೆಸರಾದ ಜಾತಿ. ಈಗ ಅದರ ಓರಗೆಯವೆಲ್ಲ ಗುಜರಿ ಸೇರಿದ್ದವು. ಹಟ್ಟಿಯ ಹಸುವಿಗೆ ಇಡುವಂಥ ಹೆಸರನ್ನು ಅದಕ್ಕೆ ಇಟ್ಟವಳು ಅದರ ಒಡತಿ ನರ್ಸಕ್ಕ.

ನರ್ಸಕ್ಕ ಆಕಾರದಲ್ಲಿ ಇಷ್ಟೇ ಇಷ್ಟು. ಆದರೆ ದೊಡ್ಡಾಸ್ಪತ್ರೆಯಲ್ಲಿ ಕೆಲಸಕ್ಕಿದ್ದಷ್ಟು ಕಾಲವೂ ತನಗಿಂತ ಇಮ್ಮಡಿ ತೂಕದವರನ್ನು ಮಂಚದಿಂದ ಎತ್ತಿ, ಹೊರಳಿಸಿ, ಕೂರಿಸಿ, ನಡೆಸಿದವಳು. ಮದುವೆ, ಮಕ್ಕಳು ಎಂದು ಹಚ್ಚಿಕೊಂಡವಳಲ್ಲ. ನಿವೃತ್ತಿಯಾದ ವರ್ಷ, ಊರು ಬಿಟ್ಟು ಹೊರಟಿದ್ದ ಸರ್ಜನ್ನೊಬ್ಬರ ಕೈಯಿಂದ ಈ ಕಾರು ಇವಳ ಕೈಗೆ ಬಂತು. ಬದುಕೆಲ್ಲ ಇನ್ನೊಬ್ಬರ ಭಾರ ಹೊತ್ತಾಯಿತು, ಈಗ ತನ್ನನ್ನು ಹೊತ್ತು ತಿರುಗುವುದೊಂದು ಸಿಕ್ಕಿತು ಎಂದು ಹೇಳಿಕೊಂಡು, ಬೆಳಗಿನ ಹೊತ್ತು ಬೆಟ್ಟದ ತಿರುವುಗಳ ದಾರಿಯಲ್ಲಿ ಓಡಿಸಿಕೊಂಡು ಬರುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ 'ಎಲ್ಲಿಗೂ ಇಲ್ಲ' ಎನ್ನುವಳು. ಆ ಮಾತನ್ನು ಅಷ್ಟು ಸಂತೋಷದಿಂದ ಹೇಳುವ ಇನ್ನೊಬ್ಬರನ್ನು ಮೇಸ್ತ್ರಿ ಕಂಡಿರಲಿಲ್ಲ.

ಈಗ ಆ ಸಂತೋಷಕ್ಕೇ ಕುತ್ತು ಬಂದಿತ್ತು. ಕೆಂಪಿಯ ಸ್ಟೀರಿಂಗು ಭಾರವಾಗಿತ್ತು. ಹಿಂದಿನ ವಾರ ಅಂಚೆ ಕಚೇರಿಯ ತಿರುವಿನಲ್ಲಿ ಎಷ್ಟು ಎಳೆದರೂ ಸಾಲದೆ, ಕಾರು ಫುಟ್‌ಪಾತ್ ಹತ್ತಿ ದೀಪದ ಕಂಬಕ್ಕೆ ಮೈ ಉಜ್ಜಿಕೊಂಡು ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಎದುರು ಸಾಲಿನ ಅಂಗಡಿಯಲ್ಲಿ ನಿಂತು ಅದನ್ನು ನೋಡಿದವನು ಅವಳ ಸ್ವಂತ ತಮ್ಮ.

ತಮ್ಮ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತನಾದವನು. ಅಕ್ಕನ ಮನೆಯ ಮಗ್ಗುಲಲ್ಲೇ ಅವನ ಮನೆ. ಅಕ್ಕ ಎಂದರೆ ಜೀವ, ಅಕ್ಕನ ಕಾರು ಎಂದರೆ ಜೀವಭಯ. ಅಂದು ಗ್ಯಾರೇಜಿಗೂ ಅವನು ಕಾರಿನಲ್ಲಿ ಕೂತು ಬಂದಿರಲಿಲ್ಲ, ಹಿಂದೆ ನಡೆದುಕೊಂಡೇ ಬಂದಿದ್ದ. ಬಂದವನು ತಮ್ಮಿಬ್ಬರ ನಡುವಿನ ಒಪ್ಪಂದವನ್ನು ಮೇಸ್ತ್ರಿಯ ಮುಂದಿಟ್ಟ. ಕಾರಿನಲ್ಲಿ ದೋಷ ಇದ್ದರೆ ಸರಿ ಮಾಡಿಸಿಕೊಂಡು ಅಕ್ಕ ಓಡಿಸಲಿ, ತನ್ನ ತಕರಾರಿಲ್ಲ. ಕಾರು ನೆಟ್ಟಗಿದ್ದರೆ ಸೋತಿರುವುದು ಅಕ್ಕನ ಕೈ ಎಂದೇ ಅರ್ಥ. ಹಾಗಾದರೆ ಅಂದಿಗೆ ಓಡಿಸುವುದು ನಿಂತಿತು, ಕೀಲಿ ತನಗೆ ಕೊಡಬೇಕು. ಇದಕ್ಕೆ ಅಕ್ಕ ಒಪ್ಪಿದ್ದಳು. ಎರಡರಲ್ಲಿ ಯಾವುದು ಎಂದು ಹೇಳಬೇಕಾದವನು ಮೇಸ್ತ್ರಿ.

"ನನಗೆ ಉದ್ದ ಕತೆ ಬೇಡ ಮೇಸ್ತ್ರಿ. ಹಸಿರೋ ಕೆಂಪೋ, ಅಷ್ಟು ಹೇಳು ಸಾಕು," ಎಂದ ಸ್ಟೇಷನ್ ಮಾಸ್ಟರು.

"ಹಳಿ ಮೇಲೆ ಓಡೋದನ್ನ ನೋಡ್ಕೊಂಡೇ ಪೆನ್ಷನ್‌ಗೆ ಬಂದೋನು ಇವನು," ಎಂದಳು ನರ್ಸಕ್ಕ. "ರೈಲಿಗೆ ಸ್ಟೀರಿಂಗೇ ಇಲ್ಲ. ಇವನಿಗೇನು ಗೊತ್ತು?"

"ಅದಕ್ಕೇ ರೈಲು ಫುಟ್‌ಪಾತ್ ಹತ್ತಲ್ಲ ಅಕ್ಕ."

ನರ್ಸಕ್ಕ ನಕ್ಕಳು. ಆದರೆ ನಗುವಾಗಲೂ ಬಲಗೈಯನ್ನು ಎಡಗೈಯೊಳಗೆ ಬಚ್ಚಿಟ್ಟುಕೊಂಡಂತೆ ಹಿಡಿದಿದ್ದಳು. ಮೇಸ್ತ್ರಿಯ ಕಣ್ಣಿಗೆ ಅದು ಬಿತ್ತು. ಊರೆಲ್ಲ ನಂಬಿದ ಕೈಯನ್ನು ಅವಳೇ ನಂಬದೆ ಹೋಗುವ ಹೊತ್ತು ಬಂದಿದೆಯಲ್ಲ ಎನಿಸಿತು.

ಯಾವ ಕಾರಿನ ಬಾನೆಟ್ಟು ಎತ್ತುವ ಮೊದಲೂ ಮೇಸ್ತ್ರಿ ಕ್ಷಣಕಾಲ ಕಣ್ಣು ಮುಚ್ಚುತ್ತಿದ್ದ. 'ಒಡೆಯಾ, ಕಾಣದ್ದನ್ನು ಕಾಣಿಸು' ಎಂಬುದು ಅವನ ಬೇಡಿಕೆ. ಅದಕ್ಕಿಂತ ಹೆಚ್ಚಿನದನ್ನು ಅವನು ದೇವರಲ್ಲಿ ಕೇಳಿದವನಲ್ಲ. ಕಂಡ ಮೇಲೆ ಸರಿಪಡಿಸುವುದು ತನ್ನ ಕೆಲಸ, ಅದಕ್ಕೂ ಅವನನ್ನೇ ಕರೆಯಬಾರದು ಎಂಬ ಮರ್ಯಾದೆ.

ಈ ಪವರ್ ಸ್ಟೀರಿಂಗ್ ಎನ್ನುವುದು ಒಂದು ಉಪಕಾರ ಇದ್ದಂತೆ. ಎಂಜಿನ್ನು ತಿರುಗುವಾಗ ಬೆಲ್ಟು ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಆಯಿಲನ್ನು ಒತ್ತಿ ಕಳಿಸುತ್ತದೆ. ಆ ಒತ್ತಡ ಹೋಗಿ, ಗಾಲಿಗಳನ್ನು ತಿರುಗಿಸುವ ಹಲ್ಲಿನ ಪಟ್ಟಿಗೆ ಹೆಗಲು ಕೊಡುತ್ತದೆ. ಓಡಿಸುವವರು ಬೆರಳಲ್ಲಿ ತೋರಿಸಿದರೆ ಸಾಕು, ಭಾರವನ್ನು ಆಯಿಲು ಹೊರುತ್ತದೆ. ಭಾರವಾಯಿತು ಎಂದರೆ, ಹೆಗಲು ಕೊಡುವವರ ಸಾಲಿನಲ್ಲಿ ಯಾರೋ ಕೈಬಿಟ್ಟಿದ್ದಾರೆ. ಯಾರು ಎಂದು ಹುಡುಕಬೇಕು, ಅಷ್ಟೆ.

ಮೇಸ್ತ್ರಿ ಸಾಲಿನ ತಲೆಯಿಂದ ಹಿಡಿದ. ಬೆಲ್ಟನ್ನು ಹೆಬ್ಬೆರಳಿನಿಂದ ಅದುಮಿ ನೋಡಿದ, ಬಿಗಿಯಾಗಿತ್ತು. ಡಬ್ಬಿಯ ಮುಚ್ಚಳ ತಿರುವಿದ, ಆಯಿಲು ಗೆರೆಯ ಮಟ್ಟಕ್ಕೇ ಇತ್ತು. ಎಲ್ಲೋ ಗಾಳಿ ಹೊಕ್ಕಿದ್ದರೆ ನೊರೆ ಎದ್ದಿರಬೇಕು, ನೊರೆ ಇರಲಿಲ್ಲ. ಬಣ್ಣ ಕೊಂಚ ಕಪ್ಪಿಟ್ಟಿತ್ತು. ಸರಳನ್ನು ಪಂಪಿಗೆ ಆನಿಸಿ ಕಿವಿ ಕೊಟ್ಟ. ಸೋತ ಪಂಪು ತಾಯಿ ಕಾಣದ ಕರುವಿನ ಹಾಗೆ ಒರಲುತ್ತದೆ. ಇದು ತಣ್ಣಗೆ ತನ್ನಷ್ಟಕ್ಕೆ ಗುನುಗುತ್ತಿತ್ತು. ಒತ್ತಡ ಅಳೆಯುವ ಮೀಟರು ಸಿಕ್ಕಿಸಿದ, ಮುಳ್ಳು ನಿಲ್ಲಬೇಕಾದ ಕಡೆಯೇ ನಿಂತಿತು. ಮುಂದಿನ ಗಾಲಿಗಳನ್ನು ಜ್ಯಾಕಿನ ಮೇಲೆತ್ತಿ, ಎಂಜಿನ್ನು ನಿಲ್ಲಿಸಿ, ಗಾಲಿಗಳನ್ನು ಹಲ್ಲಿನ ಪಟ್ಟಿಯಿಂದ ಬಿಡಿಸಿ, ಗಾಲಿಯನ್ನೇ ಹಿಡಿದು ಈ ಕಡೆಯಿಂದ ಆ ಕಡೆಗೆ ತಳ್ಳಿದ. ಎಲ್ಲೂ ಎಡವಲಿಲ್ಲ. ಆದರೂ ಇರಲಿ ಎಂದು ಹಳೆ ಆಯಿಲು ತೆಗೆದು, ಡಬ್ಬಿಯ ತಳದ ಜಾಲರಿ ತೊಳೆದು, ಹೊಸ ಆಯಿಲು ಹಾಕಿ, ಗಾಳಿ ಹೋಗುವ ತನಕ ಎಂಜಿನ್ನು ನಡೆಸಿ ಬಿಟ್ಟ.

ಆಮೇಲೆ ಓಡಿಸಿ ನೋಡಬೇಕು. ಕೂರುವ ಮೊದಲು ಅವನದೊಂದು ಕ್ರಮವಿತ್ತು. ಅವನಿಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ಹೇಳಿಕೊಟ್ಟದ್ದು. ಇನ್ನೊಬ್ಬರ ಕಾರಿನ ಸೀಟೆಂದರೆ ಇನ್ನೊಬ್ಬರ ಮನೆಯ ಹಾಸಿಗೆ, ಮಲಗಿ ಎದ್ದವನು ಅದನ್ನು ಮೊದಲಿದ್ದಂತೆಯೇ ಮಾಡಿಟ್ಟು ಬರಬೇಕು ಎಂದು ಆತ ಹೇಳುತ್ತಿದ್ದ. ಅದರಂತೆ ಮೇಸ್ತ್ರಿ ಸೀಟಿನಿಂದ ಬ್ರೇಕಿಗೆ ಎಷ್ಟು ಗೇಣು ಎಂದು ಅಳೆದುಕೊಂಡ. ಸ್ಟೀರಿಂಗು ಎಷ್ಟು ತಗ್ಗಿದೆ ಎಂಬುದನ್ನು ಡ್ಯಾಶ್‌ಬೋರ್ಡಿನ ಅಂಚಿಗೆ ಬೆರಳಿಟ್ಟು ಗುರುತಿಟ್ಟುಕೊಂಡ. ಆಮೇಲೆಯೇ ಸೀಟನ್ನು ಹಿಂದಕ್ಕೆ ತಳ್ಳಿ, ಸ್ಟೀರಿಂಗಿನ ಬುಡದ ಸಣ್ಣ ಹಿಡಿಯನ್ನು ಸಡಿಲಿಸಿ ಅದನ್ನು ಮೇಲಕ್ಕೆತ್ತಿ, ಉದ್ದ ಕಾಲುಗಳನ್ನು ಒಳಗೆ ತೂರಿಸಿದ. ಗ್ಯಾರೇಜಿನಿಂದ ಕಾರು ಒಯ್ದವರು ತಮ್ಮ ಕಾರನ್ನು ಯಾರೂ ಮುಟ್ಟಿಯೇ ಇಲ್ಲವೇನೋ ಎನ್ನುತ್ತಿದ್ದರು. ಅದನ್ನು ಕೇಳುವುದು ಅವನಿಗೆ ಇಷ್ಟ.

ಕೆಂಪಿ ಬೆಣ್ಣೆಯಂತೆ ತಿರುಗಿತು. ಸಂತೆ ರಸ್ತೆ, ಅಂಚೆ ಕಚೇರಿಯ ತಿರುವು, ಕಾಲುವೆ ಪಕ್ಕದ ಇಕ್ಕಟ್ಟು, ಎಲ್ಲ ಕಡೆ ಎರಡು ಬೆರಳಲ್ಲಿ ತಿರುಗಿಸಿದ. ಹಳೆ ಆಯಿಲಿನದೇ ಕಾಟ ಇದ್ದಿರಬೇಕು ಎಂದುಕೊಂಡು, ಸೀಟನ್ನೂ ಸ್ಟೀರಿಂಗನ್ನೂ ಇದ್ದ ಅಳತೆಗೇ ತಂದಿಟ್ಟು, ಕಾರನ್ನು ಒಪ್ಪಿಸಿದ.

ಮಾರನೆಯ ದಿನ ನರ್ಸಕ್ಕ ಮತ್ತೆ ಬಂದಳು. ಮತ್ತೆ ಭಾರ.

ಮೇಸ್ತ್ರಿ ಈ ಬಾರಿ ಆಯಿಲು ಹಿಂತಿರುಗುವ ಪೈಪನ್ನು ಬಿಚ್ಚಿದ. ಹೊರಗೆ ಚೆನ್ನಾಗಿದ್ದರೂ ಒಳಪದರ ಕಿತ್ತುಕೊಂಡು ದಾರಿ ಮುಚ್ಚುವ ಪೈಪುಗಳನ್ನು ಅವನು ಬೇಕಾದಷ್ಟು ಕಂಡಿದ್ದ. ಇದು ಹಾಗಿರಲಿಲ್ಲ. ಮತ್ತೆ ಸೀಟು ಹಿಂದೆ ತಳ್ಳಿ, ಸ್ಟೀರಿಂಗು ಎತ್ತಿ, ಓಡಿಸಿದ. ಹಗುರ. ಮತ್ತೆ ಎಲ್ಲ ಇದ್ದಂತೆ ಇಟ್ಟು ಕೊಟ್ಟ. ನರ್ಸಕ್ಕ ರಸ್ತೆಯ ಕೊನೆಯ ತಿರುವಿನವರೆಗೆ ಹೋಗಿ, ಅಲ್ಲೇ ಕಾರು ನಿಲ್ಲಿಸಿ, ಇಳಿದು ನಡೆದು ಬಂದಳು.

ಅವಳು ಏನೂ ದೂರಲಿಲ್ಲ. ಕೌಂಟರಿನ ಮುಂದಿನ ಸ್ಟೂಲಿನ ಮೇಲೆ ಕೂತು, ಮೇಸ್ತ್ರಿಯ ಕೈಯನ್ನು ಕೇಳಿ ಪಡೆದು, ಬಿಗಿಯಾಗಿ ಹಿಸುಕಿದಳು. ಅವನ ಗಿಣ್ಣುಗಳು ಲಟಕ್ಕೆಂದವು. ಆಸ್ಪತ್ರೆಯಲ್ಲಿ ರೋಗಿಗಳ ಕೈಬಲವನ್ನು ತಾನು ಹೀಗೇ ನೋಡುತ್ತಿದ್ದೆ, ಆದರೆ ತನ್ನ ಕೈಬಲ ತನಗೆ ತಿಳಿಯುವುದು ಹೇಗೆ ಎಂದು ಕೇಳಿದಳು. ಮೇಸ್ತ್ರಿ ಬೆರಳು ಕೊಡವಿಕೊಳ್ಳುತ್ತ, ಬಲವೇನೋ ಇದೆ ಎಂದ. ಬಲ ಒಂದು ಕ್ಷಣಕ್ಕೆ ಎಲ್ಲರಿಗೂ ಇರುತ್ತದೆ, ತಿರುವು ಮುಗಿಯುವ ತನಕ ಇರುತ್ತದೆಯೇ ಎಂಬುದು ಪ್ರಶ್ನೆ ಎಂದಳು ಅವಳು. ಹಾಗೆಂದು ಎದ್ದು ಹೋದಳು. ಕಾರನ್ನು ರಸ್ತೆಯ ತುದಿಯಿಂದ ಮೇಸ್ತ್ರಿಯೇ ವಾಪಸು ತರಬೇಕಾಯಿತು. ತರುವಾಗಲೂ ಅದು ಹಗುರವಾಗಿಯೇ ಬಂತು.

ಸ್ಟೇಷನ್ ಮಾಸ್ಟರು ಅಷ್ಟರಲ್ಲಿ ಬಂದು ಒಳಗಿಣುಕಿದ್ದ. ಕಾರು ಸರಿ ಇದೆ ಎಂದು ಹೇಳಿಬಿಡು, ಒಂದು ಮಾತಲ್ಲಿ ಮುಗಿಯುತ್ತದೆ, ನೀನು ಹೇಳಿದರೆ ಅಕ್ಕ ಮಾತಾಡದೆ ಕೀಲಿ ಕೊಡುತ್ತಾಳೆ ಎಂದ. ಅವನ ದನಿಯಲ್ಲಿ ಗೆದ್ದವನ ಠೇಂಕಾರ ಇರಲಿಲ್ಲ. ಕಂಬಕ್ಕೆ ಬಡಿದ ಆ ಸದ್ದು ಇನ್ನೂ ತನ್ನ ಕಿವಿಯಲ್ಲಿದೆ, ಸರಿಯಾಗಿ ನಿದ್ದೆ ಹತ್ತುತ್ತಿಲ್ಲ ಎಂದೂ ಹೇಳಿದ. ಕಂಡಷ್ಟನ್ನೇ ಹೇಳುವುದಾದರೆ ಮೇಸ್ತ್ರಿಯೂ ಅದನ್ನೇ ಹೇಳಬೇಕಿತ್ತು. ಪಂಪು ಸರಿ, ಬೆಲ್ಟು ಸರಿ, ಪೈಪು ಸರಿ. ಉಳಿದದ್ದು ಕೈ. ಆದರೆ ಇನ್ನೊಂದು ದಿನ ಕೊಡಿ ಎಂದಷ್ಟೇ ಕೇಳಿದ.

ಊಟಕ್ಕೆ ಕೂತಾಗಲೂ ಅವನು ತಟ್ಟೆಯಲ್ಲಿ ಬೆರಳಾಡಿಸುತ್ತ ಅದನ್ನೇ ಯೋಚಿಸುತ್ತಿದ್ದ. ತನ್ನ ಕೈಗೆ ಅಷ್ಟು ಹಗುರವಾಗಿ ಬರುತ್ತದಲ್ಲ ಎಂದು ಗೊಣಗಿಕೊಂಡ. ಹೆಂಡತಿ ತಲೆ ಎತ್ತದೆಯೇ, ಓಡಿಸುವವರು ಅವರು, ಓಡಿಸಿ ನೋಡುವವರು ನೀವು, ಇದೊಳ್ಳೆ ಚೆನ್ನಾಗಿದೆ ಎಂದಳು. ಮೇಸ್ತ್ರಿ ಅದನ್ನು ಎಂದಿನ ಚುಚ್ಚುಮಾತು ಎಂದುಕೊಂಡು ನೀರು ಕುಡಿದ. ಕೈ ತೊಳೆಯುವಾಗ ಆ ಮಾತು ಮತ್ತೆ ಬಂದು ಎದುರು ನಿಂತಿತು.

ಗಿರಾಕಿಯಿಂದ ಕೆಲಸ ಮಾಡಿಸಬಾರದು ಎಂಬುದು ಆ ಗ್ಯಾರೇಜಿನ ಇನ್ನೊಂದು ಮರ್ಯಾದೆ. ಅದಕ್ಕೇ ನರ್ಸಕ್ಕನನ್ನು ಓಡಿಸಿ ತೋರಿಸಿ ಎಂದು ಅವನು ಕೇಳಿರಲಿಲ್ಲ. ತನ್ನ ಕೈ ಸೋಲುವುದನ್ನು ಇನ್ನೊಬ್ಬರು ನೋಡಬಾರದೆಂದು ಅವಳೂ ತಾನಾಗಿ ಓಡಿಸಿ ತೋರಿಸಿರಲಿಲ್ಲ. ಇಬ್ಬರ ಸಂಕೋಚದ ನಡುವೆ ರೋಗ ಆರಾಮವಾಗಿ ಕಾಲು ಚಾಚಿಕೊಂಡಿತ್ತು.

ಸಂಜೆ ಅವಳಿಗೆ ಹೇಳಿ ಕಳಿಸಿದ. ಬಂದವಳನ್ನು ಮೊದಲು ಎದುರು ಕೂರಿಸಿಕೊಂಡು, ಭಾರ ಎಂದರೆ ಎಂಥ ಭಾರ ಎಂದು ವಿಚಾರಿಸಿದ. ಇದುವರೆಗೆ 'ಭಾರ' ಎಂಬ ಒಂದೇ ಮಾತನ್ನು ಕೇಳಿ ಬಾನೆಟ್ಟು ಎತ್ತಿದ್ದನೇ ಹೊರತು, ಅದನ್ನು ಬಿಡಿಸಿ ಕೇಳಿರಲಿಲ್ಲ. ರೋಗಿಯ ನೋವನ್ನು ಡಾಕ್ಟರಿಗೆ ವಿವರಿಸುವವಳ ಗತ್ತು ನಿಧಾನಕ್ಕೆ ನರ್ಸಕ್ಕನ ಮುಖಕ್ಕೆ ಬಂತು.

"ಉದ್ದಕ್ಕೂ ಭಾರ ಅಲ್ಲ," ಎಂದಳು. "ಹೆಗಲು ಹಿಡ್ಕೊಂಡಿರೋರ ಕೈ ಎತ್ತಿಸ್ತೀವಲ್ಲ, ಹಾಗೆ. ಒಂದು ಮಟ್ಟದ ತನಕ ಸಲೀಸು, ಆಮೇಲೆ ಕಚ್ಕೊಳ್ಳುತ್ತೆ, ದಾಟಿದ್ರೆ ಮತ್ತೆ ಸಲೀಸು. ಒಂದು ಸುತ್ತು ತಿರುಗಿಸೋದ್ರೊಳಗೆ ಎರಡು ಸಲ ಹಾಗಾಗುತ್ತೆ."

ಮೇಸ್ತ್ರಿಗೆ ಮೈ ಜುಮ್ಮೆಂದಿತು. ಒಂದು ಸುತ್ತಿನಲ್ಲಿ ಎರಡು ಸಲ. ಪಂಪಿಗೆ ಸುತ್ತಿನ ಲೆಕ್ಕ ಎಲ್ಲಿಯದು? ಅದು ಕೊಟ್ಟರೆ ಉದ್ದಕ್ಕೂ ಕೊಡುತ್ತದೆ, ಬಿಟ್ಟರೆ ಉದ್ದಕ್ಕೂ ಬಿಡುತ್ತದೆ. ಸೋತ ಕೈಯೂ ಹಾಗೆಯೇ, ಸುತ್ತಿನ ನಡುವೆ ಎರಡೇ ಸಲ ಹಟ ಹಿಡಿಯುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಕಚ್ಚುವುದು ಕೀಲು. ಸ್ಟೀರಿಂಗಿನ ಕಂಬ ಕೆಳಗಿಳಿದು ಗಾಲಿಗಳ ಕಡೆ ಹೊರಳುವ ಮೂಲೆಯಲ್ಲಿ ಒಂದು ಕೀಲು ಇರುತ್ತದೆ, ಮೇಸ್ತ್ರಿಗಳು ಅದನ್ನು ಸ್ಟೀರಿಂಗ್ ಕ್ರಾಸ್ ಎನ್ನುತ್ತಾರೆ. ಎರಡು ಕವಲುಗಳ ನಡುವೆ ಅಡ್ಡ ಉದ್ದ ಸಿಕ್ಕಿಸಿದ ಒಂದು ಸಣ್ಣ ಉಕ್ಕಿನ ತುಂಡು. ಕಂಬ ಮಣಿದಂತೆ ತಾನೂ ಮಣಿದು ತಿರುವನ್ನು ಆಚೆಗೆ ದಾಟಿಸುವುದು ಅದರ ಕೆಲಸ.

ಅವನು ಕಾರಿನೊಳಗೆ ತಲೆಕೆಳಗಾಗಿ ಇಳಿದ. ಬೆನ್ನು ಸೀಟಿನ ಮೇಲೆ, ಕಾಲು ಬಾಗಿಲಾಚೆ, ತಲೆ ಬ್ರೇಕಿನ ಬುಡದಲ್ಲಿ. ಅಷ್ಟು ಜಾಗ ಆಗಲು ಸೀಟನ್ನು ಪೂರ್ತಿ ಹಿಂದೆ ತಳ್ಳಿ ಸ್ಟೀರಿಂಗನ್ನು ಪೂರ್ತಿ ಮೇಲೆತ್ತಬೇಕಾಯಿತು. ಟಾರ್ಚು ಬಾಯಲ್ಲಿ ಕಚ್ಚಿಕೊಂಡು, ರಬ್ಬರಿನ ಮುಸುಕು ಸರಿಸಿ, ಕೀಲನ್ನು ಬೆರಳಲ್ಲಿ ತಡವಿ, ನರ್ಸಕ್ಕನಿಗೆ ಹೊರಗಿನಿಂದಲೇ ಸ್ಟೀರಿಂಗು ತಿರುಗಿಸಲು ಹೇಳಿದ. ಕೀಲು ಸಲೀಸಾಗಿ ತಿರುಗಿತು. ಇನ್ನೊಂದು ಕಡೆಗೂ ತಿರುಗಿತು. ಎಲ್ಲೂ ಕಚ್ಚಲಿಲ್ಲ.

ಅವನು ಆ ಇಕ್ಕಟ್ಟಿನಿಂದ ಹೊರಬಂದಾಗ ರಕ್ತವೆಲ್ಲ ಮುಖಕ್ಕೆ ಇಳಿದು ಕೆಂಪಾಗಿತ್ತು. ನರ್ಸಕ್ಕ ಅವನ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸಿದಳು. ಇಷ್ಟು ಹೊತ್ತು ತಲೆಕೆಳಗಾಗಿರಬಾರದು ಎಂದು ಗದರಿದಳು. ಆಮೇಲೆ ಮೆಲ್ಲಗೆ, ಇನ್ನು ಸಾಕು ಬಿಡು, ತಮ್ಮನಿಗೆ ಹೇಳಿಬಿಡೋಣ ಎಂದಳು.

"ಒಂದೇ ಒಂದು ಸಲ ನೀವು ಓಡ್ಸಿ ಅಕ್ಕ," ಎಂದ ಮೇಸ್ತ್ರಿ. "ನಾನು ಪಕ್ಕದಲ್ಲಿ ಕೂತಿರ್ತೀನಿ. ಮಾತಾಡಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಸೀಟನ್ನು ಮುಂದಕ್ಕೆಳೆದುಕೊಂಡು ಕೂತಳು. ಸಣ್ಣ ಹಿಡಿಯನ್ನು ಸಡಿಲಿಸಿ ಸ್ಟೀರಿಂಗನ್ನು ತನ್ನ ಎದೆಮಟ್ಟಕ್ಕೆ ತಗ್ಗಿಸಿಕೊಂಡಳು. ಮೇಸ್ತ್ರಿ ಮೊಣಕಾಲುಗಳನ್ನು ಗದ್ದಕ್ಕೆ ತಾಗಿಸಿಕೊಂಡು ಪಕ್ಕದಲ್ಲಿ ಮುದುಡಿದ. ಗ್ಯಾರೇಜಿನ ಹಿಂದೆ ಖಾಲಿ ಮೈದಾನ. ಕೆಂಪಿ ಅಲ್ಲಿಗಿಳಿದು, ಒಂದು ದೊಡ್ಡ ಸುತ್ತು ಹಾಕಲು ಹೊರಳಿತು. ಮೇಸ್ತ್ರಿ ಮೊದಲ ಬಾರಿಗೆ ಸದ್ದು ಕೇಳುವುದನ್ನು ಬಿಟ್ಟು ಅವಳ ಕೈಗಳನ್ನು ನೋಡಿದ. ಸಲೀಸಾಗಿ ಹೋಗುತ್ತಿದ್ದ ಕೈ ಒಂದು ಕಡೆ ತಡೆಯಿತು. ಹೆಗಲು ಮೇಲಕ್ಕೆದ್ದಿತು, ಮಣಿಕಟ್ಟಿನ ನರ ಉಬ್ಬಿತು.

"ಬಂತು ನೋಡು," ಎಂದಳು ಅವಳು, ಸೋತ ದನಿಯಲ್ಲಿ.

ಮೇಸ್ತ್ರಿ ಕೂತಲ್ಲಿಂದಲೇ ಕೈ ಚಾಚಿ ಸ್ಟೀರಿಂಗು ಹಿಡಿದ. ಅವಳಿಗೆ ಕೈ ಬಿಡಲು ಹೇಳಿ ತಾನು ಎಳೆದ. ಕಲ್ಲಿಗೆ ಕಟ್ಟಿದಂತಿತ್ತು. ಮತ್ತೂ ಎಳೆದ, ದಾಟಿತು, ಹಗುರವಾಯಿತು, ಅರ್ಧ ಸುತ್ತಿಗೆ ಮತ್ತೆ ಕಚ್ಚಿತು. ಭಾರ ಬಂದದ್ದಕ್ಕೆ ಯಾರಾದರೂ ಇಷ್ಟು ಹಿಗ್ಗಿದ್ದು ಲೋಕದಲ್ಲಿ ಇರಲಾರದು.

"ನಿಮ್ಮ ಕೈ ಅಲ್ಲ ಅಕ್ಕ. ನನ್ನ ಕೈಗೂ ಭಾರ."

ನರ್ಸಕ್ಕ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು, ಕಳೆದುಹೋಗಿದ್ದು ಸಿಕ್ಕಿತೇನೋ ಎಂಬಂತೆ ಅವನ್ನೇ ನೋಡುತ್ತ ಕೂತಳು. ಮೇಸ್ತ್ರಿ ಅವಳನ್ನು ಇಳಿಯಲು ಹೇಳಿ, ಈ ಕಡೆಯಿಂದ ಸುತ್ತಿ ಹೋಗಿ, ತಾನೇ ಕೂತ. ಎಂಜಿನ್ನು ನಡೆಯುತ್ತಲೇ ಇತ್ತು. ಸ್ಟೀರಿಂಗು ತಿರುಗಿಸಿದ.

ಬೆಣ್ಣೆ.

ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಎಲ್ಲೂ ಇಲ್ಲ.

"ಏನಾಯ್ತು?" ನರ್ಸಕ್ಕ ಕಿಟಕಿಯಲ್ಲಿ ಬಗ್ಗಿ ಕೇಳಿದಳು.

"ಹೋಯ್ತು."

"ಎಲ್ಲಿಗೆ?"

"ಅದೇ ಗೊತ್ತಾಗ್ತಿಲ್ಲ ಅಕ್ಕ."

ಅವನು ಅಲ್ಲಾಡದೆ ಕೂತ. ಅದೇ ಎಂಜಿನ್ನು, ಅದೇ ಆಯಿಲು, ಅದೇ ಮೈದಾನ. ಬದಲಾಗಿದ್ದು ಸೀಟಿನ ಮೇಲಿನ ಆಳು ಮಾತ್ರ. ಸ್ಟೇಷನ್ ಮಾಸ್ಟರು ಇದ್ದಿದ್ದರೆ, ಅಲ್ಲಿಗೆ ಮುಗಿಯಿತಲ್ಲ ಎನ್ನುತ್ತಿದ್ದ. ಆದರೆ ಪಕ್ಕದ ಸೀಟಿನಿಂದ ಎಳೆದಾಗ ಕಚ್ಚಿದ್ದು ತನ್ನದೇ ಕೈಯನ್ನು. ಹಾಗಾದರೆ ಆ ಸೀಟಿಗೂ ಈ ಸೀಟಿಗೂ ನಡುವೆ ತಾನು ಏನು ಮಾಡಿದೆ? ಬಾಗಿಲು ತೆಗೆದೆ. ಕೂತೆ. ಅದಕ್ಕೂ ಮೊದಲು? ಅವನ ಕಣ್ಣು ತಾನಾಗಿ ಕೆಳಗೆ ಹೋಯಿತು. ಎಡಗೈ ಇನ್ನೂ ಸ್ಟೀರಿಂಗಿನ ಬುಡದ ಸಣ್ಣ ಹಿಡಿಯ ಮೇಲೆಯೇ ಇತ್ತು. ಅದು ಯಾವಾಗ ಅಲ್ಲಿಗೆ ಹೋಗಿತ್ತು, ಯಾವಾಗ ಸ್ಟೀರಿಂಗನ್ನು ಮೇಲೆತ್ತಿತ್ತು, ಅವನಿಗೇ ಗೊತ್ತಿರಲಿಲ್ಲ. ಅಷ್ಟು ಹಳೆಯ ಅಭ್ಯಾಸ.

ಹಿಡಿಯನ್ನು ಸಡಿಲಿಸಿ ಸ್ಟೀರಿಂಗನ್ನು ನರ್ಸಕ್ಕನ ಮಟ್ಟಕ್ಕೆ ತಗ್ಗಿಸಿದ. ತೊಡೆಗಳು ಅಡಕೊತ್ತಿನಲ್ಲಿ ಸಿಕ್ಕಂತಾದವು. ತಿರುಗಿಸಿದ. ಕಚ್ಚಿತು. ಮೇಲೆತ್ತಿದ, ಹಗುರ. ತಗ್ಗಿಸಿದ, ಭಾರ. ಹೊಸ ಸ್ವಿಚ್ಚು ಸಿಕ್ಕ ಮಗುವಿನ ಹಾಗೆ ಅದನ್ನೇ ಮಾಡುತ್ತ ಹೋದ. ನರ್ಸಕ್ಕ ಕಿಟಕಿಯ ಅಂಚಿಗೆ ಹಣೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮೇಸ್ತ್ರಿಗೂ ನಗು ಬಂತು, ಹಿಂದೆಯೇ ನಾಚಿಕೆಯೂ ಬಂತು. ಸ್ಟೀರಿಂಗು ಮೇಲಿದ್ದಾಗ ಕಂಬವೂ ಕೀಲೂ ಹೆಚ್ಚುಕಡಿಮೆ ಒಂದೇ ನೇರಕ್ಕೆ ಬರುತ್ತವೆ. ಚಾಚಿದ ಕೈಯ ಮೊಣಕೈಗೆ ಎಂಥ ಕೆಲಸ? ತಗ್ಗಿಸಿದಾಗಲೇ ಕೀಲು ಮಣಿಯಬೇಕು, ಮಣಿದಾಗಲೇ ಅದರ ನೋವು ತಿಳಿಯಬೇಕು. ಅವನೋ, ಪ್ರತಿ ಸಲ ರೋಗವನ್ನು ತನ್ನ ಕೈಯಾರೆ ಬದಿಗೆತ್ತಿಟ್ಟು ಪರೀಕ್ಷೆ ಮಾಡಿದ್ದ. ಆಮೇಲೆ ಬೆರಳಳತೆ ಇಟ್ಟು, ಅದನ್ನು ಜೋಪಾನವಾಗಿ ಅದರ ಜಾಗದಲ್ಲೇ ಇಟ್ಟು ಕಳಿಸಿದ್ದ. ಕಾಣದ್ದನ್ನು ಕಾಣಿಸು ಎಂದು ಬೇಡಿದ್ದೇನೋ ನಿಜ. ಒಡೆಯನೂ ದಿನಾ ಕಾಣಿಸಿದ್ದ. ಕೂರಲು ಇಕ್ಕಟ್ಟಾಯಿತೆಂದು ಅದನ್ನು ಸರಿಸಿ ಕೂತವನು ತಾನು.

ಈ ಮಟ್ಟ ಮೊದಲಿನಿಂದಲೂ ಇಷ್ಟೇ ಇತ್ತೇ ಎಂದು ಕೇಳಿದಾಗ ನರ್ಸಕ್ಕನ ನಗು ನಿಂತಿತು. ಇಲ್ಲವೆಂದಳು. ಈ ವರ್ಷವೇ ಇನ್ನಷ್ಟು ತಗ್ಗಿಸಿದ್ದು.

"ನಾನು ಕುಗ್ತಾ ಇದೀನಿ ಕಣೋ. ಮುಂಚಿನ ಮಟ್ಟದಲ್ಲಿ ಇಟ್ಕೊಂಡ್ರೆ ಸ್ಟೀರಿಂಗೇ ಕಾಣುತ್ತೆ, ರಸ್ತೆ ಕಾಣಲ್ಲ. ತಮ್ಮನಿಗೆ ಹೇಳಿಲ್ಲ."

ಮರುದಿನ ಬೆಳಿಗ್ಗೆಯೇ ಕೀಲನ್ನು ಬಿಚ್ಚಿ ಹೊರಗೆ ತೆಗೆದ. ಗಾಜಿನ ಬುಡದಲ್ಲಿ ನೀರು ಹರಿದುಹೋಗುವ ತೂಬಿಗೆ ಒಣಗಿದ ಎಲೆಗಳು ಸಿಕ್ಕಿ, ಮಳೆನೀರು ಒಳಗಿಳಿದು ಕೀಲಿನ ಮೇಲೇ ತೊಟ್ಟಿಕ್ಕಿತ್ತು. ಗ್ರೀಸೆಲ್ಲ ಕೊಚ್ಚಿಹೋಗಿ, ಒಳಗೆ ಬರೀ ಕೆಂಪು ತುಕ್ಕಿನ ಹುಡಿ. ಸ್ಟೇಷನ್ ಮಾಸ್ಟರು ಬಂದಾಗ ಮೇಸ್ತ್ರಿ ಏನೂ ವಿವರಿಸದೆ ಅದನ್ನು ಅವನ ಕೈಗಿಟ್ಟ. ನೇರ ಹಿಡಿದು ತಿರುಗಿಸಿ ಅಂದ, ತಿರುಗಿತು. ಬಗ್ಗಿಸಿ ತಿರುಗಿಸಿ ಅಂದ. ಮಾಸ್ಟರು ಹಲ್ಲು ಕಚ್ಚಿ ಹೆಣಗಿದ. ಮತ್ತೆ ನೇರ ಮಾಡಿದ, ಮತ್ತೆ ಬಗ್ಗಿಸಿದ. ಕೂತುಕೊಳ್ಳಿ ಎಂದರೂ ಕೂರದೆ, ನಿಂತಲ್ಲೇ ಅದರೊಡನೆ ಬಹಳ ಹೊತ್ತು ಆಡಿದ.

"ಹಸಿರು ಅನ್ನು ಹಾಗಾದ್ರೆ," ಎಂದ ಕೊನೆಗೆ.

ಮೇಸ್ತ್ರಿ ನರ್ಸಕ್ಕನ ಕಡೆ ನೋಡಿದ. ದೋಷ ಕಾರಿನದು, ಅದು ನಿಜ. ಆದರೆ ಅದು ಈ ವರ್ಷವೇ ಯಾಕೆ ಮೇಲಕ್ಕೆ ಬಂತು ಎಂಬುದರ ಅರ್ಧ ಅವಳ ಬಳಿ ಇತ್ತು, ಅದನ್ನು ಹೇಳುವ ಹಕ್ಕು ಅವನದಲ್ಲ. ಅವಳೇ ಹೇಳಿದಳು. ತಾನು ಕುಗ್ಗಿದ್ದು, ಸ್ಟೀರಿಂಗು ತಗ್ಗಿಸಿದ್ದು, ಎಲ್ಲವನ್ನೂ. ಕಣ್ಣು ತಪ್ಪಿಸದೆ ಹೇಳಿದಳು.

"ಅಂದ್ರೆ ವಯಸ್ಸಾಗಿರೋದು ನಿಜ," ಎಂದ ತಮ್ಮ.

"ನಿಜ. ಆದ್ರೆ ವಯಸ್ಸಾಗಿರೋದು ಬೆನ್ನಿಗೆ. ಬೆನ್ನಲ್ಲಿ ಯಾರಾದ್ರೂ ಕಾರು ಓಡಿಸ್ತಾರೇನೋ?"

ಮಾಸ್ಟರು ನಗಬಾರದೆಂದು ಬಹಳ ಪ್ರಯತ್ನಪಟ್ಟ. ಆಗಲಿಲ್ಲ.

ಅಷ್ಟು ಹಳೆಯ ಕಾರಿಗೆ ಹೊಸ ಕೀಲು ಎಲ್ಲೂ ಸಿಗುವಂತಿರಲಿಲ್ಲ. ಮೇಸ್ತ್ರಿಯ ಹೆಂಡತಿ ಕಪಾಟಿನ ತಳದಿಂದ ಬೇರೊಂದು ಗಾಡಿಯ ಕ್ರಾಸನ್ನು ಹುಡುಕಿ ತೆಗೆದಳು. ಅಳತೆ ಕೂದಲೆಳೆಯಷ್ಟು ದೊಡ್ಡದಿತ್ತು. ಲೇತಿನವನ ಹತ್ತಿರ ಕೂತು ಹಳೆಯ ಕವಲಿಗೆ ಅದನ್ನು ಕೂರಿಸಿ, ಗ್ರೀಸು ತುಂಬಿ, ತೂಬಿನ ಎಲೆ ತೆಗೆದು, ಎಲ್ಲವನ್ನೂ ಜೋಡಿಸುವ ಹೊತ್ತಿಗೆ ವಾರ ಕಳೆಯಿತು.

ಕಾರು ಒಯ್ಯುವ ದಿನ ಮೇಸ್ತ್ರಿ ಓಡಿಸಿ ನೋಡಲಿಲ್ಲ. ನರ್ಸಕ್ಕನೇ ಕೂತು, ತನ್ನ ಮಟ್ಟಕ್ಕೆ ತಗ್ಗಿಸಿಕೊಂಡು, ಮೈದಾನದಲ್ಲಿ ಒಂದು ಸುತ್ತು, ಅದಕ್ಕೆ ಎದುರಾಗಿ ಇನ್ನೊಂದು ಸುತ್ತು ಹಾಕಿದಳು. ಹೆಗಲು ಏಳಲಿಲ್ಲ, ನರ ಉಬ್ಬಲಿಲ್ಲ. ಪಕ್ಕದಲ್ಲಿ ಕ್ಷಣಕ್ಕೊಮ್ಮೆ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದವನು ಸ್ಟೇಷನ್ ಮಾಸ್ಟರು. ಕೀಲಿಯ ಮಾತು ಮುಗಿದಿತ್ತು, ಅವನಾಗಿಯೇ ಬಾಗಿಲು ತೆಗೆದು ಹತ್ತಿದ್ದ. ನರ್ಸಕ್ಕ ಕಾರನ್ನು ಮೇಸ್ತ್ರಿಯ ಎದುರು ತಂದು ನಿಲ್ಲಿಸಿ ಗಾಜು ಇಳಿಸಿದಳು.

"ಮುಂದೊಂದು ದಿನ ಕಾರು ಸರಿ ಇದ್ದು, ಕೈಯೇ ಸೋತಿರುತ್ತೆ," ಎಂದಳು. "ಅವತ್ತು ಇವನು ಹೇಳಿದ್ರೆ ನಾನು ಕೇಳಲ್ಲ. ನೀನು ಹೇಳ್ಬೇಕು."

ಹೂಂ ಎನ್ನುವುದು ಸುಲಭ, ಆ ದಿನ ಬಂದಾಗ ಹೇಳುವುದು ಸುಲಭವಲ್ಲ ಎಂದು ಮೇಸ್ತ್ರಿಗೆ ಗೊತ್ತಿತ್ತು.

"ಹೇಳ್ತೀನಿ ಅಕ್ಕ," ಎಂದ. "ಪಕ್ಕದಲ್ಲಿ ಕೂತು ನೋಡಿ ಹೇಳ್ತೀನಿ."

ಅವಳು ತಲೆಯಾಡಿಸಿದಳು. ಎಲ್ಲಿಗೆ ಹೋಗೋಣ ಎಂದು ತಮ್ಮ ಕೇಳುತ್ತಿದ್ದ. ಅವಳ ಉತ್ತರ ಎಂಜಿನ್ನಿನ ಸದ್ದಿನಲ್ಲಿ ಮೇಸ್ತ್ರಿಗೆ ಕೇಳಿಸಲಿಲ್ಲ. ಕೆಂಪಿ ರಸ್ತೆಗಿಳಿದು ಬೆಟ್ಟದ ಕಡೆ ಹೊರಳಿತು.

ಗ್ಯಾರೇಜಿನ ಮುಂದೆ ಅಷ್ಟು ಹೊತ್ತಿಗೆ ಬೂದು ಬಣ್ಣದ ಬೇರೊಂದು ಕಾರು ಬಂದು ನಿಂತಿತ್ತು. ಬ್ರೇಕು ಒತ್ತಿದಾಗ ಏನೋ ಕಟಕಟ ಎನ್ನುತ್ತದೆ ಎಂದು ಅದರವನು ಇಳಿದು ಬಂದು, ಕೀಲಿಯನ್ನು ಮೇಸ್ತ್ರಿಯ ಕಡೆ ಚಾಚಿದ. ಮೇಸ್ತ್ರಿ ಕೀಲಿ ತೆಗೆದುಕೊಳ್ಳಲಿಲ್ಲ. ಕೈ ಒರೆಸಿಕೊಂಡು, ಕಾರನ್ನು ಸುತ್ತಿ ಹೋಗಿ, ಆಚೆ ಬದಿಯ ಬಾಗಿಲು ತೆಗೆದು ಕೂತ.

"ನೀವೇ ಓಡ್ಸಿ," ಎಂದ. "ದಿನಾ ಹೆಂಗೆ ಓಡಿಸ್ತೀರೋ ಹಂಗೆ."